ಬಸ್ಸು ಹೊರಡಿಸುವ ಶಬ್ದ

ಇಂಗ್ಲಿಷಿನಲ್ಲಿ ನನಗೆ ಬರುವುದು ಒಂದೇ ಶಬ್ದ, ರೈಟ್. ಒಂದೇ ಸಾಕು, ಎಲ್ಲ ಕಡೆ ನಡೆಯುತ್ತದೆ. ಲೆಕ್ಕ ಸರಿಯಾದರೆ ಶಾಲೆಯ ವಿಷ್ಣುಮೂರ್ತಿ ಮಾಸ್ಟ್ರು ರೈಟ್ ಎನ್ನುತ್ತಾರೆ. ಪೇಟೆಯ ಪೊಲೀಸ್ ಬಲಗಡೆಗೆ ಕೈ ಬೀಸಿ ರೈಟ್ ಎನ್ನುತ್ತಾನೆ. ಓಟಿನ ಸಭೆಯಲ್ಲಿ ಲಾಯರು ಕ್ಲಾರೆನ್ಸರು, ಬಸ್ಸು ಹತ್ತುವುದು ಎಲ್ಲರ ರೈಟ್ ಎಂದು ಮೇಜು ಕುಟ್ಟಿದ್ದರು. ಆದರೆ ಆ ಶಬ್ದದ ನಿಜವಾದ ಯಜಮಾನ ಕಾರ್ಕಳ ಬಸ್ಸಿನ ಕಂಡಕ್ಟರ್ ಅಣ್ಣು. ಅವನು ಹಿಂದಿನಿಂದ ರೈಟ್ ಎಂದು ಕೂಗದೆ ಡ್ರೈವರ್ ಧರ್ಮಪಾಲ ಬ್ರೇಕಿನಿಂದ ಕಾಲು ತೆಗೆಯುವವನಲ್ಲ, ತಿರುಗಿ ನೋಡುವವನೂ ಅಲ್ಲ. ಬಸ್ಸಿನ ಧಣಿಗಿಂತ ಅಣ್ಣುವಿನದೇ ಜೋರು. ಮೂಗಿಗಿಂತ ಮೂಗುತಿ ಭಾರ!

ನಾನು ಕಾಪುವಿನ ಮೀನಿನ ಅಪ್ಪಿ. ಶುಕ್ರವಾರ ಶಿರ್ವದ ಕ್ರೈಸ್ತರ ಮನೆಗಳಲ್ಲಿ ಮಾಂಸವಿಲ್ಲ, ಮೀನೇ ಬೇಕು. ಇಪ್ಪತ್ತು ವರ್ಷ ತಲೆಯಲ್ಲಿ ಹೊತ್ತು ನಡೆದೇ ಕೊಟ್ಟವಳು. ಈಗ ಸೈಕಲ್ಲಿನಲ್ಲಿ ಮೀನು ಮಾರುವವನೊಬ್ಬ ಹುಟ್ಟಿಕೊಂಡಿದ್ದಾನೆ. ಹೋದ ವಾರ ನಾನು ಅಲ್ಲಿಗೆ ಮುಟ್ಟುವ ಮೊದಲೇ ಆರು ಮನೆ ನುಂಗಿದ. ಬಸ್ಸಿನಲ್ಲಿ ಹೋಗದಿದ್ದರೆ ಉಳಿದ ಮನೆಗಳೂ ಅವನದೇ.

ಆ ಶುಕ್ರವಾರ ಬುಟ್ಟಿ ಸಮೇತ ಹತ್ತಿ ಹಿಂದೆ ಕುಳಿತೆ. ಎದುರಿದ್ದ ಮಾಸ್ಟ್ರು ಮುಖ ತಿರುಗಿಸಿದರು.

"ಇಳಿ ಮಾರಾಯ್ತಿ, ಮೀನಿಗೆ ಬಸ್ಸಿಲ್ಲ," ಎಂದ ಅಣ್ಣು.

"ಎಂತಕ್ಕೆ? ತಿನ್ನುವವರಿಗೆ ಬಸ್ಸುಂಟು, ತರುವವಳಿಗೆ ಇಲ್ವಾ?"

"ನೀನು ಇಳಿಯದೆ ಬಸ್ಸು ಹೊರಡುವುದಿಲ್ಲ." ಕೆಳಗಿಳಿದು ಬೀಡಿ ಹಚ್ಚಿದ.

ಇಂಜಿನ್ ಗುರುಗುಡುತ್ತಲೇ ಇತ್ತು. ಎದ್ದು ನಿಂತು, ದೋಣಿಯವರನ್ನು ಕರೆಯುವ ಗಂಟಲಿನಲ್ಲಿ ಕೂಗಿದೆ. "ರೈಟ್!"

ಗಂಡಸೋ ಹೆಂಗಸೋ ಎಂದು ಧರ್ಮಪಾಲ ಯೋಚಿಸಲಿಲ್ಲ. ಬಸ್ಸು ಹೊರಟಿತು. ಅಣ್ಣು ಬೀಡಿ ಬಿಸಾಡಿ ಓಡೋಡಿ ಬಂದು ಬಾಗಿಲಿಗೆ ಜೋತುಬಿದ್ದ. ಜನರೆಲ್ಲ ಬಿದ್ದು ಬಿದ್ದು ನಕ್ಕರು.

ಶಿರ್ವ ಬಂತು. "ಇಳಿ, ಇಳಿ! ಇನ್ನು ಈ ಬಸ್ಸಿಗೆ ಕಾಲಿಡಬೇಡ," ಎಂದ ಅಣ್ಣು.

"ಟಿಕೆಟ್ ಹರಿ. ನನಗೊಂದು, ಬುಟ್ಟಿಗೊಂದು."

"ಬುಟ್ಟಿಗಾ?"

"ಮತ್ತೆ? ಬರುವ ಶುಕ್ರವಾರ ಮೀನಿಗೆ ಬಸ್ಸಿಲ್ಲ ಅಂತ ನೀನು ಹೇಳಿದರೆ ತೋರಿಸಲಿಕ್ಕೆ ಬೇಕು. ಕೊಡದೆ ನಾನು ಇಳಿಯುವುದಿಲ್ಲ."

ಕಾರ್ಕಳ ಕೋರ್ಟಿಗೆ ಹೊರಟವರು ಹೊತ್ತಾಯಿತೆಂದು ಅಣ್ಣುವಿನ ಮೇಲೆ ಬೊಬ್ಬೆ ಹಾಕಿದರು. ಅವನು ಹಲ್ಲು ಕಚ್ಚಿ ಬರೆದು ಹರಿದ. ನನಗೆ ಓದು ಬಾರದು. ಬುಟ್ಟಿಯ ಚೀಟಿಯನ್ನು ಮಾಸ್ಟ್ರ ಕೈಗೇ ಕೊಟ್ಟೆ.

"ಗಟ್ಟಿಯಾಗಿ ಓದಿ ಮಾಸ್ಟ್ರೇ, ಎಲ್ಲರಿಗೂ ಕೇಳಬೇಕು."

"ಕಾಪು ಟು ಶಿರ್ವ. ಮೀನಿನ ಬುಟ್ಟಿ, ಒಂದು."

ಇನ್ನೊಮ್ಮೆ ಓದಿ ಎಂದೆ. ಓದಿದರು. ಆಮೇಲೆ ಇಳಿದೆ.