ಉಡಿದಾರದ ಪಾರ್ಸೆಲ್

ಜೈಲಿನಲ್ಲಿ ನನ್ನ ಕೆಲಸ ಕೈದಿಗಳ ಜೊತೆ ಮಾತಾಡುವುದು. ಮನೆಯಲ್ಲಿ ನಾಲ್ಕು ಮಾತಾಡದವನಿಗೆ ಸರಕಾರ ಮಾತಿಗೆಂದು ಸಂಬಳ ಕೊಡುತ್ತದಲ್ಲ ಎಂದು ನನ್ನ ಹೆಂಡತಿ ಮೂಕಾಂಬಿಕಾ ನಗುತ್ತಿದ್ದಳು. ವೆಲ್ಫೇರ್ ಆಫೀಸರ್ ಎಂಬ ಹೆಸರು ಆಗ ಹೊಸತು. ಅರುವತ್ತಮೂರನೆಯ ಇಸವಿಯ ಹೊತ್ತಿಗೆ ನಾನು ಆ ಕೆಲಸದಲ್ಲಿ ಹಿರಿಯವ, ಕೈಕೆಳಗೆ ಇಬ್ಬರಿದ್ದರು. ಒಬ್ಬೊಬ್ಬ ಕೈದಿಗೂ ಒಂದೊಂದು ಫೈಲು. ಒಳ್ಳೆಯ ನಡತೆಯವನನ್ನು ಅವಧಿಗೆ ಮೊದಲೇ ಬಿಡಬೇಕಾದರೆ ನಾನು ಅವನ ಊರಿಗೆ ಹೋಗಿ, ಮನೆಯವರು ಸೇರಿಸಿಕೊಳ್ಳುತ್ತಾರೋ ಇಲ್ಲವೋ ನೋಡಿ ವರದಿ ಬರೆಯಬೇಕು. ಆ ಮನೆಗೇ ಹೋಗುತ್ತೇನೆಂದು ಕೈದಿಯೂ ಹೆಬ್ಬೆಟ್ಟು ಒತ್ತಬೇಕು. ಎರಡರಲ್ಲಿ ಒಂದು ತಪ್ಪಿದರೂ ಅವನು ಒಳಗೇ. ಈ ಅಧಿಕಾರ ನನ್ನ ತಲೆಗೇರಿತ್ತು.

ಬೋಜಪ್ಪ ಜಾಲ್ಸೂರಿನ ಕಡೆಯ ಗೌಡ. ತೋಟಕ್ಕೆ ನೀರು ತಿರುಗಿಸುವ ಜಗಳದಲ್ಲಿ ನೆರೆಯವನ ಮೇಲೆ ಕತ್ತಿ ಬೀಸಿದ, ಅವನು ಸತ್ತ. ಜೀವಾವಧಿ ಶಿಕ್ಷೆಯಾಯಿತು. ನನ್ನನ್ನು ನೋಡಲು ಯಾರೂ ಬರಬೇಡಿ, ಕಾಗದವೂ ಬೇಡ, ಮುಗಿಸಿ ನಾನೇ ಬರುತ್ತೇನೆ ಎಂದು ಕೋರ್ಟಿನಲ್ಲೇ ತಾಯಿಗೂ ಹೆಂಡತಿಗೂ ಹೇಳಿದ್ದನಂತೆ. ಯಾರೂ ಬರಲಿಲ್ಲ. ಎಂಟು ವರ್ಷ ಹಾಗೇ ಹೋಯಿತು. ನೇಯ್ಗೆಯ ಶೆಡ್ಡಿನಲ್ಲಿ ಅವನಷ್ಟು ಬಿಗಿಯಾಗಿ ಜಮಖಾನ ನೇಯುವವರು ಇರಲಿಲ್ಲ. ಬಿಡುಗಡೆಯ ಮಾತು ನಾನು ಎತ್ತಿದ ದಿನ ಅವನು ಮಗ್ಗ ನಿಲ್ಲಿಸಿ, ಹೆಂಡತಿ ಪೂವಮ್ಮ ಎಂಟು ವರ್ಷದ ಬೈಗಳನ್ನು ಒಟ್ಟಿಗೆ ಕೊಡುವಳು ಎಂದು ನಕ್ಕ. ಆಮೇಲೆ ನಾನು ಶೆಡ್ಡಿಗೆ ಕಾಲಿಟ್ಟರೆ ಸಾಕು, ಹೋಗಿ ಬಂದಿರಾ ಎಂಬಂತೆ ಮುಖ ನೋಡುತ್ತಿದ್ದ.

ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗುವುದು ನನ್ನ ಕ್ರಮ. ಎಷ್ಟು ನಯವಾಗಿ ಮಾತಾಡಿದರೂ ಬಡಿಸುವಾಗ ಮನೆಯವರ ಮನಸ್ಸು ತಿಳಿಯುತ್ತದೆ ಎಂದು ಕಿರಿಯರಿಗೆ ಪಾಠ ಮಾಡುತ್ತಿದ್ದೆ. ಪುತ್ತೂರಿನಲ್ಲಿ ಬಸ್ಸು ಬದಲಿಸಿ, ಜಾಲ್ಸೂರಿನಲ್ಲಿ ಇಳಿದು, ಎರಡು ಮೈಲಿ ನಡೆದು ಆ ಮನೆ ಸೇರಿದೆ. ಬೋಜಪ್ಪನ ತಮ್ಮ ತೀರ್ಥರಾಮ ಕೈತೊಳೆಯುತ್ತಿದ್ದ. ಬೋಜಪ್ಪನ ವಿಷಯಕ್ಕೆ ಬಂದವನು ಎಂದೆ. ಅವನು ಚೆಂಬು ಕೆಳಗಿಟ್ಟ.

“ಅಣ್ಣನ ಬೊಜ್ಜ ಆಗಿ ಏಳು ವರ್ಷ ಆಯ್ತಲ್ಲ ಮಾರಾಯ್ರೆ. ಇನ್ನು ಎಂತ ಉಂಟು?”

ನನಗೆ ಸಿಟ್ಟು ನೆತ್ತಿಗೇರಿತು. ಬದುಕಿರುವ ಮನುಷ್ಯನ ಉತ್ತರಕ್ರಿಯೆ ಮಾಡಿ ಕುಳಿತಿದ್ದೀರಾ, ಅವನು ಅಲ್ಲಿ ದಿನ ಎಣಿಸುತ್ತಿದ್ದಾನೆ, ನಾಚಿಕೆ ಇಲ್ಲವಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಒಳಗಿನಿಂದ ತಾಯಿ ದುಗ್ಗಮ್ಮ ಬಂದಳು. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಕಂಬ ಹಿಡಿದು ನಿಂತು ನನ್ನನ್ನೇ ನೋಡಿದಳು.

“ಅವ ಉಂಟಾ?” ಎಂದು ಕೇಳಿದಳು.

ಇದ್ದಾನೆ ಎಂದೆ. ಅವಳು ಅಲ್ಲೇ ನೆಲಕ್ಕೆ ಕುಸಿದು, ಸದ್ದಿಲ್ಲದೆ ಬಹಳ ಹೊತ್ತು ಅತ್ತಳು. ಸುದ್ದಿ ಮುಟ್ಟಿಸಿದವರು ಯಾರು ಎಂದು ನಾನು ಗದರಿಸಿ ಕೇಳಿದೆ. ತೀರ್ಥರಾಮ ಪೆಟ್ಟಿಗೆಯಿಂದ ಒಂದು ಗಂಟು ತಂದು ಬಿಚ್ಚಿದ. ಒಂದು ಅಂಗಿ, ಒಂದು ಪಂಚೆ, ಅದರೊಳಗೆ ಬೆಳ್ಳಿಯ ಉಡಿದಾರ. ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಚೀಟಿ, ಕೈದಿಯ ಸೊತ್ತನ್ನು ಹಿಂದಿರುಗಿಸಿದೆ ಎಂದು. ಕೆಳಗೆ ನನ್ನ ಸಹಿ.

ಒಳಗೆ ಬರುವಾಗ ಕೈದಿಗಳ ಮೈಯಿಂದ ತೆಗೆಸಿಟ್ಟ ಬಟ್ಟೆಬರೆ, ಒಡವೆ ಬಿಡುಗಡೆಯ ತನಕ ಜೈಲಿನ ಗೋದಾಮಿನಲ್ಲಿ ಬಿದ್ದು ಗೆದ್ದಲು ಹಿಡಿಯುತ್ತಿತ್ತು. ಎಲ್ಲವನ್ನೂ ಅವರವರ ಮನೆಗೆ ಅಂಚೆಯಲ್ಲಿ ಕಳಿಸೋಣ ಎಂದು ಹೊಸದರಲ್ಲಿ ಸೂಚಿಸಿದವನು ನಾನೇ. ಸುಪರಿಂಟೆಂಡೆಂಟರು ಬೆನ್ನು ತಟ್ಟಿದ್ದರು. ನಮ್ಮ ಕಡೆ ಗಂಡಸಿನ ಸೊಂಟದಿಂದ ಉಡಿದಾರ ತೆಗೆಯುವುದು ಅವನನ್ನು ಚಿತೆಗೆ ಒಯ್ಯುವಾಗ ಮಾತ್ರ. ಬೇರೆ ಸೀಮೆಯಿಂದ ಬಂದ ಅಧಿಕಾರಿಗೆ ಅದು ಗೊತ್ತಿಲ್ಲದಿರಬಹುದು. ನಾನು ಕಾಣಿಯೂರಿನಲ್ಲಿ ಹುಟ್ಟಿದವ, ನನ್ನ ಸೊಂಟದಲ್ಲೂ ಒಂದಿದೆ. ಆದರೂ ಹೊಳೆಯಲಿಲ್ಲ. ಶಾಲೆಯ ಮೇಷ್ಟ್ರು ಚೀಟಿ ಓದಿ, ಸೊತ್ತು ವಾಪಸು ಬಂದಿದೆ ಅಂದರಂತೆ. ಆಮೇಲೆ ಯಾರೂ ಏನನ್ನೂ ಕೇಳಲಿಲ್ಲ. ಹದಿಮೂರನೆಯ ದಿನ ಊರಿಗೆ ಊಟ ಹಾಕಿ ಬೊಜ್ಜ ಮಾಡಿದರು. ಮರುವರ್ಷ ದುಗ್ಗಮ್ಮನೇ ನಿಂತು ಸೊಸೆ ಪೂವಮ್ಮನನ್ನು ಕೋಡಿಂಬಾಳದ ಅಚ್ಚುತನಿಗೆ ಮದುವೆ ಮಾಡಿಕೊಟ್ಟಳು. ಅವಳಿಗೆ ಈಗ ಮೂರು ಮಕ್ಕಳು.

ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲವಾದ್ದರಿಂದ ಸಹಿ ಯಾರದೆಂದು ತಿಳಿಯಲಿಲ್ಲ. ನಾನೂ ಹೇಳಲಿಲ್ಲ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ದುಗ್ಗಮ್ಮ ಕಣ್ಣೊರೆಸಿಕೊಂಡು ಎದ್ದು ನನಗೆ ಊಟ ಬಡಿಸಿದಳು. “ಪೂವಮ್ಮ ಹೋದರೆ ಹೋಗ್ಲಿ, ನಾನು ಉಂಟಲ್ಲ. ಅವನನ್ನು ಕಳಿಸಿ ಕೊಡಿ” ಎಂದಳು. ತೋಟದಲ್ಲಿ ಅರ್ಧ ಅಣ್ಣನದೇ ಎಂದು ತೀರ್ಥರಾಮನೂ ಹೇಳಿದ. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಇಷ್ಟು ಒಳ್ಳೆಯ ವರದಿ ನನಗೆ ಯಾವ ಮನೆಯಿಂದಲೂ ಸಿಕ್ಕಿರಲಿಲ್ಲ.

ಮರುದಿನ ಬೋಜಪ್ಪನನ್ನು ನನ್ನ ಕೋಣೆಗೆ ಕರೆಸಿದೆ. ಮದುವೆಯ ಸಂಗತಿ ಮುಚ್ಚಿಟ್ಟು ಅವನನ್ನು ಊರಿಗೆ ಕಳಿಸುವ ಹಾಗಿರಲಿಲ್ಲ. ಎಲ್ಲ ಹೇಳಿದೆ, ಬೊಜ್ಜ, ಪೂವಮ್ಮ, ಮೂರು ಮಕ್ಕಳು. ಅವನು ಗೋಡೆಗೆ ಒರಗಿಕೊಂಡು ಕೇಳಿದ. ಕೊನೆಗೆ, ನಾನು ಸತ್ತೆ ಅಂತ ಅವರಿಗೆ ಹೇಳಿದ್ದು ಯಾರು ಎಂದ.

ಚೀಟಿ ನನ್ನ ಜೇಬಿನಲ್ಲೇ ಇತ್ತು. ಹೇಳಿದ್ದರೆ ಅವನು ಸುಪರಿಂಟೆಂಡೆಂಟರಿಗೆ ದೂರು ಕೊಡುತ್ತಿದ್ದ. ವಿಚಾರಣೆಯಾಗುತ್ತಿತ್ತು, ಮುಂದಿನ ಬಡ್ತಿ ನಿಲ್ಲುತ್ತಿತ್ತು. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇರಲಿಲ್ಲ. ಅದು ಸರಿಯಾಗಿ ಗೊತ್ತಾಗಲಿಲ್ಲ ಎಂದೆ.

“ನನಗೆ ಗೊತ್ತುಂಟು,” ಎಂದ ಬೋಜಪ್ಪ. “ಅಮ್ಮನೇ ಮಾಡಿದ್ದು. ಅವಳಿಗೆ ಮೊದಲಿಂದಲೂ ತೀರ್ಥರಾಮನೇ ಮಗ. ತೋಟ ಪೂರ್ತಿ ಅವನಿಗೆ ಆಗ್ಬೇಕಿತ್ತು. ಅದಕ್ಕೆ ನನ್ನನ್ನು ಕೊಂದು ಪೂವಮ್ಮನನ್ನು ಹೊರಗೆ ಹಾಕಿದಳು.”

ಹಾಗಲ್ಲ ಎನ್ನಲು ಬಾಯಿ ತೆರೆದೆ. ಹಾಗಾದರೆ ಹೇಗೆ ಎಂದು ಅವನು ಕೇಳಿದರೆ ಉತ್ತರ ಒಂದೇ ಇತ್ತು. ಬಾಯಿ ಮುಚ್ಚಿದೆ. ಮನೆಗೆ ಹೋಗುವ ಕಾಗದವನ್ನು ಅವನ ಮುಂದೆ ಸರಿಸಿದೆ. ಅವನು ಹೆಬ್ಬೆಟ್ಟು ಒತ್ತಲಿಲ್ಲ. ಆ ಮನೆಯಲ್ಲಿ ಉಣ್ಣುವುದಕ್ಕಿಂತ ಇಲ್ಲಿಯ ಗಂಜಿ ವಾಸಿ ಎಂದು ಎದ್ದು ಹೋದ. ಕೈದಿ ನಿರಾಕರಿಸಿದ್ದಾನೆ ಎಂದು ಬರೆದು ಫೈಲು ಕಟ್ಟಿದೆ. ಆಗ ನನಗೆ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ.

ಹದಿನೈದು ದಿನ ಕಾದು ದುಗ್ಗಮ್ಮನೇ ಬಂದಳು. ಜೀವಮಾನದಲ್ಲಿ ಪುತ್ತೂರು ದಾಟದವಳು ಎರಡು ಬಸ್ಸು ಹಿಡಿದು, ದಾರಿ ಕೇಳಿ ಕೇಳಿ ಗೇಟಿಗೆ ಬಂದು ನಿಂತಿದ್ದಳು. ಒಳಗೆ ಹೋಗಿ ಹೇಳಿದೆ. ಬೋಜಪ್ಪ ಮಗ್ಗದಿಂದ ತಲೆ ಎತ್ತದೆ, ಸತ್ತವನು ಸಿಗುವುದಿಲ್ಲ ಎಂದು ಹೇಳಿಬಿಡಿ ಎಂದ. ನಾನು ಗೇಟಿಗೆ ಬಂದು, ಅವನಿಗೆ ಬರಲು ಮನಸ್ಸಿಲ್ಲ ಎಂದಷ್ಟೇ ಹೇಳಿದೆ.

“ನನ್ನ ಮೇಲೆ ಅವನಿಗೆ ಎಂತ ಕೋಪ?”

ಒಳಗಿದ್ದು ಇದ್ದು ಮನಸ್ಸು ಕಲ್ಲಾಗುತ್ತದೆ, ಎಲ್ಲರಿಗೂ ಹಾಗೇ ಎಂದೆ. ಅವಳು ನಂಬಿದಳು. ನಾನು ಓದಿದವ, ಹಿರಿಯ ಅಧಿಕಾರಿ. ನೀವಾದರೂ ಅವನಿಗೆ ಇದ್ದೀರಲ್ಲ ಎಂದು ಕೈಮುಗಿದು, ಬಂದ ದಾರಿ ಹಿಡಿದಳು.

ತಿಂಗಳಿಗೊಮ್ಮೆ ಬಂದಳು, ಆರು ಸಲ. ಆರು ಸಲವೂ ನಾನೇ ಗೇಟಿಗೆ ಹೋಗಿ ಇಲ್ಲ ಎಂದೆ. ಐದನೆಯ ಸಲ ಮಳೆ ಹಿಡಿದಿತ್ತು. ಕಾವಲಿನವನು ಮರುಕಪಟ್ಟು ಅವಳಿಗೆ ಸ್ಟೂಲು ಕೊಟ್ಟದ್ದಕ್ಕೆ ನಾನು ಅವನನ್ನು ಬೈದೆ. ಅವಳು ಕೂತಿರುವುದನ್ನು ಕಿಟಕಿಯಿಂದ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಏಳನೆಯ ತಿಂಗಳು ತೀರ್ಥರಾಮ ಒಬ್ಬನೇ ಬಂದ. ತಲೆ ಬೋಳಿಸಿಕೊಂಡಿದ್ದ. ಅಮ್ಮ ಹೋಗಿ ಹನ್ನೊಂದು ದಿನವಾಯಿತು, ಬೊಜ್ಜಕ್ಕೆ ಅಣ್ಣನನ್ನು ಎರಡು ದಿನದ ಮಟ್ಟಿಗಾದರೂ ಬಿಡುತ್ತೀರಾ ಎಂದು ಕೇಳಿದ. ಅಂಥ ರಜೆ ಕೊಡಿಸುವುದು ನನ್ನ ಕೈಯಲ್ಲೇ ಇತ್ತು. ಅರ್ಜಿ ನಾನೇ ಬರೆದು, ಹಿಡಿದುಕೊಂಡು ಶೆಡ್ಡಿಗೆ ಹೋಗಿ ಬೋಜಪ್ಪನ ಮುಂದೆ ನಿಂತೆ. ತಾಯಿ ತೀರಿಕೊಂಡಳು, ತಮ್ಮ ಹೊರಗೆ ಕಾಯುತ್ತಿದ್ದಾನೆ ಎಂದೆ.

ಅವನು ಮಗ್ಗ ನಿಲ್ಲಿಸಲಿಲ್ಲ.

“ನಂಬಬೇಡಿ ಸಾರ್,” ಎಂದ. “ಬದುಕಿದ್ದವರನ್ನು ಸತ್ತರು ಅಂತ ಹೇಳುದು ನಮ್ಮ ಮನೆಯವರಿಗೆ ಅಭ್ಯಾಸ ಉಂಟು.”