ಮುಕ್ಕಾಲು ಬೆಳ್ಳಿ

ಆರ್ಡಿಸ್ ಲೋಕನ್ ನಡೆಯುವಾಗ ಎಡಕ್ಕೆ ವಾಲುತ್ತಿದ್ದಳು. ಹೊಸಬರು ಅದನ್ನು ಸೊಂಟದ ನೋವೆಂದು ತಿಳಿದು ದಾರಿ ಬಿಡುತ್ತಿದ್ದರು. ಮೊಂಟಾನಾದ ನಮ್ಮ ಈ ಸಣ್ಣ ಊರಿನವರಿಗೆ ಮಾತ್ರ ಅದು ಜೇಬಿನ ಭಾರವೆಂದು ಗೊತ್ತಿತ್ತು. ತೀರಿಹೋದ ಗಂಡ ಆರ್ನಿಯ ಕಂದು ಕ್ಯಾನ್ವಾಸ್ ಕೋಟು, ಅದರ ಎಡಜೇಬಿನಲ್ಲಿ ಗೇಣಿಗಿಂತ ತುಸು ಉದ್ದದ, ಸರಿಯಾಗಿ ಒಂದಂಗುಲ ದಪ್ಪದ ಉಕ್ಕಿನ ಸರಳು. ಅಂಚೆ ಕಚೇರಿಗೆ ಹೋಗಲಿ, ಭಾನುವಾರದ ಪ್ರಾರ್ಥನೆಗೆ ಹೋಗಲಿ, ಸರಳು ಜೊತೆಗೇ. ದೇವರ ಮನೆಯಲ್ಲೂ ಕಬ್ಬಿಣವೇಕೆಂದು ಪಾದ್ರಿ ಒಮ್ಮೆ ಕೇಳಿದಾಗ ಆಕೆ ಬಹಳ ಗಂಭೀರವಾಗಿ, ತಣ್ಣಗಿರುವ ಸರಳು ಒಂದು ಅಳತೆ ಹೇಳುತ್ತದೆ, ಬೆಚ್ಚಗಿರುವುದು ಇನ್ನೊಂದು ಹೇಳುತ್ತದೆ, ಅದು ತನ್ನ ಕೈಯಷ್ಟೇ ಬೆಚ್ಚಗಿರಲಿ ಎಂದು ಉತ್ತರಿಸಿದ್ದಳಂತೆ. ಪಾದ್ರಿಯೂ ಬೇಟೆಗಾರನೇ. ಮತ್ತೆ ಕೇಳಲಿಲ್ಲ.

ಬಂದೂಕಿನ ಬೆನ್ನ ಮೇಲೆ ದುರ್ಬೀನು ಕೂರಿಸುವುದು ಆಕೆಯ ಕಸುಬು. ಹೊರಗಿನಿಂದ ನೋಡಿದವರಿಗೆ ಅದು ನಾಲ್ಕಾರು ಸ್ಕ್ರೂ ಬಿಗಿಯುವ ಕೆಲಸ. ಆದರೆ ದುರ್ಬೀನನ್ನು ಹಿಡಿಯುವ ಎರಡು ಉಂಗುರಗಳು ಒಂದೇ ಪೆಟ್ಟಿಗೆಯಲ್ಲಿ ಬಂದರೂ ಪಾಲಿಗಾಗಿ ಮುನಿಸಿಕೊಂಡ ಅಣ್ಣತಮ್ಮಂದಿರಂತೆ. ಒಂದು ತಲೆ ತಗ್ಗಿಸಿದರೆ ಇನ್ನೊಂದು ಮುಖ ತಿರುಗಿಸಿರುತ್ತದೆ. ನಡುವೆ ಸಿಕ್ಕಿಬಿದ್ದ ದುರ್ಬೀನಿನ ಕೊಳವೆ ಕೂದಲೆಳೆಯಷ್ಟು ಬಾಗುತ್ತದೆ, ಮತ್ತು ಇಲ್ಲಿನ ಕೂದಲೆಳೆ ಆಚೆ ಬೆಟ್ಟದಲ್ಲಿ ಒಂದು ಮೊಳವಾಗುತ್ತದೆ. ಆರ್ಡಿಸ್ ಉಂಗುರಗಳ ಮೇಲಿನ ಅರ್ಧಗಳನ್ನು ಬಿಚ್ಚಿ, ಕೆಳಗಿನ ಅರ್ಧಗಳ ಮೇಲೆ ಸರಳನ್ನು ಮಲಗಿಸಿ, ಸಾಣೆಪುಡಿ ಕಲೆಸಿದ ಜಿಡ್ಡು ಸವರಿ, ಮಗುವಿನ ತೊಟ್ಟಿಲು ತೂಗಿದಷ್ಟೇ ಮೆಲ್ಲಗೆ ಹಿಂದೆ ಮುಂದೆ ಉಜ್ಜುತ್ತಿದ್ದಳು. ಉಬ್ಬಿದ ಕಡೆಯ ಕಪ್ಪು ಬಣ್ಣ ಮೊದಲು ಸವೆದು ಅಡಿಯ ಉಕ್ಕು ಬೆಳ್ಳಿಯಂತೆ ಹೊಳೆಯುತ್ತಿತ್ತು. ಒಳಮೈಯ ಮುಕ್ಕಾಲು ಪಾಲು ಬೆಳ್ಳಗಾದ ಕ್ಷಣ ಆಕೆಯ ಕೈ ನಿಲ್ಲುತ್ತಿತ್ತು.

ಉಳಿದ ಕಾಲು ಭಾಗವನ್ನೂ ಉಜ್ಜಬಾರದೇ ಎಂದು ಎದುರು ನಿಂತವರು ಕೇಳದ ದಿನವಿಲ್ಲ. ಉತ್ತರ ಮಾತ್ರ ನಲವತ್ತು ವರ್ಷ ಬದಲಾಗಲಿಲ್ಲ.

"ಮುಕ್ಕಾಲು ಬೆಳ್ಳಿ ಸಾಕು. ಪೂರ್ತಿ ಬೇಕು ಅಂತ ಹೋದ್ರೆ ಉಂಗುರಾನೇ ಹಿಗ್ಗುತ್ತೆ. ಆಮೇಲೆ ಹಿಡ್ಕೊಳ್ಳೋಕೆ ಏನಿರುತ್ತೆ?"

ಇದೇ ಮಾತನ್ನು ಆಕೆ ಪಾದ್ರಿಯ ಪ್ರವಚನ ಎಷ್ಟು ಉದ್ದವಿರಬೇಕೆಂಬುದಕ್ಕೂ, ಕಡುಬಿನೊಳಗಿನ ಸಕ್ಕರೆಗೂ, ಆರ್ನಿಯೊಡನೆ ನಡೆಸಿದ ಸಂಸಾರಕ್ಕೂ ಅನ್ವಯಿಸುತ್ತಿದ್ದಳು.

ಆಕೆಯ ಅಂಗಡಿಯ ಗೋಡೆಯ ಮೇಲೆ ಬೇಟೆಯ ಹೆಮ್ಮೆಗೆ ತೂಗುಹಾಕುವ ಒಂದೇ ಒಂದು ಕೊಂಬಿರಲಿಲ್ಲ. ಮೇಜಿನ ಮೇಲೆ ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿಯೊಂದಿತ್ತು. ಅದರ ತುಂಬ ತಗಡಿನ ಪಟ್ಟಿಗಳು. ಉಂಗುರ ಸಡಿಲವೆನಿಸಿದರೆ ಬಿಯರ್ ಡಬ್ಬಿಯನ್ನು ಕತ್ತರಿಸಿ ಒಂದು ಪಟ್ಟಿಯನ್ನು ಅಡಿಗೆ ತುರುಕುವುದು ಈ ಕಣಿವೆಯ ಗಂಡಸರಿಗೆ ತಾತನಿಂದ ಬಂದ ವಿದ್ಯೆ. ಯಾರೂ ಒಪ್ಪಿಕೊಳ್ಳುವುದಿಲ್ಲ, ಎಲ್ಲರೂ ಮಾಡುತ್ತಾರೆ. ಬಿಚ್ಚಿದ ಬಂದೂಕುಗಳಿಂದ ಉದುರಿದ ಪಟ್ಟಿಗಳನ್ನು ಆರ್ಡಿಸ್ ಆ ಜಾಡಿಗೆ ಹಾಕುತ್ತಿದ್ದಳು. ಯಾವುದರ ಮೇಲೂ ಹೆಸರು ಬರೆಯುತ್ತಿರಲಿಲ್ಲ. ಆದರೂ ಅಂಗಡಿಗೆ ಬಂದ ಗಂಡಸರು ಜಾಡಿಯ ಕಡೆ ನೋಡದೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು.

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಆಕೆಯ ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಆ ಬೇಸಿಗೆಯಿಂದ ಕೆಲವರು ಬಂದೂಕನ್ನು ದೂರದ ಪಟ್ಟಣಕ್ಕೆ ಒಯ್ಯತೊಡಗಿದರು. ಹೇಳಿ ಹೋದವರಿಲ್ಲ. ಆದರೆ ಜುಲೈಯಲ್ಲಿ ಡೆಲ್ಬರ್ಟ್ ಸ್ಟೀಗ್ ಅವಳ ಬಳಿಗೇ ಬಂದ. ಬೆಟ್ಟದ ದೊಡ್ಡಕೊಂಬಿನ ಟಗರನ್ನು ಬೇಟೆಯಾಡುವ ಪರವಾನಗಿಗೆ ಅವನು ಮೂವತ್ತೊಂದು ವರ್ಷ ಅರ್ಜಿ ಹಾಕಿದ್ದ. ಆ ಸಲ ಲಾಟರಿಯಲ್ಲಿ ಅವನ ಹೆಸರು ಬಂದಿತ್ತು. ಇಂಥ ಚೀಟಿ ಒಂದು ಆಯುಷ್ಯದಲ್ಲಿ ಎರಡು ಸಲ ಬರುವುದಿಲ್ಲ. ಆರ್ಡಿಸ್ ಎರಡು ದಿನ ಕೂತು ಅವನ ದುರ್ಬೀನು ಕೂರಿಸಿಕೊಟ್ಟಳು.

ಆಗಸ್ಟ್ ಕೊನೆಯಲ್ಲಿ, ರೋಂಡಾಳ ಕಾಫಿ ಅಂಗಡಿ ತುಂಬಿದ್ದ ಬೆಳಗಿನಲ್ಲಿ, ಡೆಲ್ಬರ್ಟ್ ಬಾಗಿಲಲ್ಲೇ ನಿಂತು, ಒಳಗೆ ಕಾಫಿ ಕುಡಿಯುತ್ತಿದ್ದ ಆರ್ಡಿಸ್‌ಗೆ, ತನ್ನ ಗುಂಡು ಒಮ್ಮೆ ಆಚೆ, ಒಮ್ಮೆ ಈಚೆ, ಅಂಗೈಯಗಲ ಚೆದುರುತ್ತಿದೆಯೆಂದ. ಆಮೇಲೆ ಯಾರೂ ಆಡದೆ ಇಟ್ಟುಕೊಂಡಿದ್ದ ಮಾತನ್ನು ಆಡಿಬಿಟ್ಟ.

"ಬೇಜಾರು ಮಾಡ್ಕೋಬೇಡ ಆರ್ಡಿಸ್. ನಿನ್ನ ಕಣ್ಣು ಹೋಯ್ತು ಅನ್ಸುತ್ತೆ."

ಆಕೆ, ಶನಿವಾರ ಗುರಿ ಪರೀಕ್ಷೆಯ ದಿನ ಮೈದಾನಕ್ಕೆ ಬಂದೂಕು ತಾ, ಎಲ್ಲರೆದುರು ಬಿಚ್ಚೋಣ ಎಂದಷ್ಟೇ ಹೇಳಿ ಕಾಫಿ ಮುಗಿಸಿದಳು. ಆದರೆ ಮನೆಗೆ ಬಂದು ಪಿಂಗಾಣಿ ತಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಅಂಚು ನೆಟ್ಟಗಿದೆಯೇ ಎಂದು ನೋಡಿದಳು. ಪ್ರತಿ ತಟ್ಟೆಯನ್ನೂ ಹಾಗೆ ನೋಡುವುದು ಆಕೆಯ ಹಳೆಯ ಚಾಳಿ. ಆ ದಿನ ಅಂಚಿನ ಸುತ್ತ ಬೆಳಕು ಕದಡಿತ್ತು. ತಟ್ಟೆ ವಾಲಿದೆಯೋ ಕಣ್ಣು ವಾಲಿದೆಯೋ ಆಕೆಗೆ ತಿಳಿಯಲಿಲ್ಲ. ಡೆಲ್ಬರ್ಟ್‌ನ ಮಾತು ನಿಜವಿರಬಹುದು; ಹಾಗಿದ್ದರೆ ಶನಿವಾರ ತನ್ನ ನಲವತ್ತು ವರ್ಷಕ್ಕೂ ಕೊನೆ, ಅವನ ಮೂವತ್ತೊಂದು ವರ್ಷಕ್ಕೂ ಕೊನೆ.

ಶನಿವಾರ ಮೈದಾನದ ಬೆಂಚಿನ ಸುತ್ತ ಅರ್ಧ ಊರು ನೆರೆದಿತ್ತು. ಆರ್ಡಿಸ್ ಕನ್ನಡಕ ತೆಗೆದು ಕೋಟಿನ ಮೇಲುಜೇಬಿಗೆ ಹಾಕಿದಳು. ಕಣ್ಣು ಮುಚ್ಚಿದಳು. ಉಂಗುರದ ಎರಡು ಅರ್ಧಗಳ ನಡುವೆ ಉಳಿಯುವ ಸಣ್ಣ ಸಂದಿನಲ್ಲಿ ಹೆಬ್ಬೆರಳಿನ ಉಗುರು ಓಡಿಸಿದಳು. ಮುಂದಿನ ಉಂಗುರದಲ್ಲಿ ಎಡಬಲದ ಸಂದುಗಳು ಸಮ. ಹಿಂದಿನದರಲ್ಲಿ ಉಗುರು ಒಂದು ಕಡೆ ಆಳಕ್ಕೆ ಇಳಿಯಿತು. ಆಕೆಯ ಕೈ ಅಲ್ಲೇ ನಿಂತಿತು. ಅಂಥ ಸಂದನ್ನು ಆಕೆ ಎಂದೂ ಬಿಟ್ಟವಳಲ್ಲ.

"ಡೆಲ್ಬರ್ಟ್, ಇದನ್ನ ಬಿಚ್ಚಿದ್ಯಾರು?"

"ಯಾರೂ ಇಲ್ಲ."

"ಹಾಗಾದ್ರೆ ಈಗ ನೀನೇ ಬಿಚ್ಚು."

ಅವನು ಸ್ಕ್ರೂಡ್ರೈವರ್ ಹಿಡಿದು ಬಹಳ ಹೊತ್ತು ತೆಗೆದುಕೊಂಡ. ದುರ್ಬೀನು ಎತ್ತಿದಾಗ ಹಿಂದಿನ ಉಂಗುರದ ತಳದಲ್ಲಿ ಬಂಗಾರದ ಬಣ್ಣದ ತಗಡಿನ ಪಟ್ಟಿಯೊಂದು ಬಿಸಿಲಿಗೆ ಥಳಕ್ಕೆಂದಿತು. ಆರ್ಡಿಸ್ ಕಣ್ಣು ತೆರೆದಳು.

"ನೀನು ಯಾವ ಬಿಯರ್ ಕುಡೀತೀಯ ಅಂತ ನಿನ್ನ ಬಂದೂಕೇ ಹೇಳ್ತಿದೆಯಲ್ಲೋ."

ಮೈದಾನ ನಕ್ಕಿತು. ರೋಂಡಾ ಕಾಫಿಯ ಪಾತ್ರೆ ಕೆಳಗಿಟ್ಟು ನಕ್ಕಳು. ಡೆಲ್ಬರ್ಟ್ ಮಾತ್ರ ನಗಲಿಲ್ಲ. ಆಕೆಗಷ್ಟೇ ಕೇಳುವಂತೆ, ಉಂಗುರ ಸಡಿಲವಿರಲಿಲ್ಲ, ಇಂಥ ಚೀಟಿ ಇನ್ನೆಂದೂ ಬರುವುದಿಲ್ಲವೆಂದು ನಿದ್ದೆ ಹತ್ತದೆ, ಒಂದು ಹಿಡಿತ ಹೆಚ್ಚಿಗೆ ಇರಲಿ ಅಂತ ಅಪ್ಪ ಮಾಡುತ್ತಿದ್ದಂತೆಯೇ ಮಾಡಿದೆ ಎಂದ. ಆರ್ಡಿಸ್ ತಲೆಯಾಡಿಸಿದಳು. ಆ ಜಾಡಿಯಲ್ಲಿದ್ದದ್ದೆಲ್ಲ ಇದೇ ಭಯವೆಂದು ಆಕೆಗೆ ಯಾವತ್ತೋ ಗೊತ್ತಿತ್ತು.

ಆಮೇಲೆ ಆಕೆ ಬರಿಯ ಉಂಗುರಗಳ ಮೇಲೆ ತನ್ನ ಸರಳನ್ನು ಮಲಗಿಸಿದಳು. ಇದು ಡೆಲ್ಬರ್ಟ್‌ಗಲ್ಲ, ತನಗೇ ಬೇಕಾಗಿದ್ದ ಉತ್ತರ. ಬೆರಳ ತುದಿಯಿಂದ ಒತ್ತಿದಳು: ಅಲುಗಲಿಲ್ಲ. ಮೆಲ್ಲಗೆ ತಳ್ಳಿದಳು. ಬೆಣ್ಣೆಯ ಮೇಲಿನ ಚಾಕುವಿನಂತೆ ಸರಳು ಸದ್ದಿಲ್ಲದೆ ಜಾರಿತು, ಮರಳಿ ಬಂತು. ಜುಲೈಯ ಕೆಲಸ ಇದ್ದಲ್ಲೇ ಇತ್ತು, ನೇರವಾಗಿ. ತಗಡು ಕಚ್ಚಿದ ಜಾಗಕ್ಕೆ ಜಿಡ್ಡು ಸವರಿ ಹನ್ನೆರಡು ಸಲ ಉಜ್ಜಿದಳು. ಹದಿಮೂರನೆಯದು ಯಾಕಿಲ್ಲ ಎಂದು ಕೇಳಲು ಯಾರೋ ಬಾಯಿ ತೆರೆದರು. "ಮುಕ್ಕಾಲು ಸಾಕು" ಎಂದು ಹಿಂದೆ ನಿಂತವರೇ ನಾಲ್ಕು ಜನ ಒಟ್ಟಿಗೆ ಅಂದರು.

ಒರೆಸಿ, ಕೂರಿಸಿ, ಸ್ಕ್ರೂಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿದಳು. ಡೆಲ್ಬರ್ಟ್ ಎರಡು ಗುಂಡು ಹಾರಿಸಿ, ದುರ್ಬೀನಿನ ಗುಂಡಿ ತಿರುಗಿಸಿ ಗುರಿಗೆ ತಂದ. ಆಮೇಲೆ ಮೂರು ಗುಂಡು ಹೊಡೆದ. ನೂರು ಗಜದಾಚೆಯಿಂದ ಕಾಗದ ತಂದು ಬೆಂಚಿನ ಮೇಲೆ ಹಾಸಿದರು. ಆರ್ಡಿಸ್ ಜೇಬಿನಿಂದ ಕಾಲು ಡಾಲರಿನ ನಾಣ್ಯವೊಂದನ್ನು ತೆಗೆದು ಅದರ ಮೇಲಿಟ್ಟಳು. ಮೂರೂ ತೂತು ಮುಚ್ಚಿಹೋದವು. ಪಾದ್ರಿ ಟೊಪ್ಪಿ ತೆಗೆದ. ಮಧ್ಯಾಹ್ನದೊಳಗೆ ಬೆಂಚಿನ ಎದುರು ಹನ್ನೊಂದು ಬಂದೂಕುಗಳ ಸಾಲು. ಪಟ್ಟಣಕ್ಕೆ ಹೋಗಿಬಂದವರೂ ಅದರಲ್ಲಿದ್ದರು.

ಅಕ್ಟೋಬರಿನಲ್ಲಿ ಡೆಲ್ಬರ್ಟ್ ಟಗರಿನ ಮುಂದೊಡೆಯ ಮಾಂಸವನ್ನು ಬಿಳಿ ಕಾಗದದಲ್ಲಿ ಸುತ್ತಿಕೊಂಡು ಆಕೆಯ ಅಂಗಡಿಗೆ ಬಂದ. ಒಂದೇ ಗುಂಡು ಎಂದ. ಜಾಡಿಯ ಕಡೆ ನೇರವಾಗಿ ನೋಡಿದ ಮೊದಲ ಗಂಡಸು ಅವನೇ. ಎಲ್ಲಕ್ಕಿಂತ ಮೇಲೆ ಹೊಳೆಯುತ್ತಿದ್ದ ಬಂಗಾರದ ಪಟ್ಟಿಯನ್ನು ತೋರಿಸಿ, ಅದರ ಮೇಲೆ ನನ್ನ ಹೆಸರು ಬರೆ ಎಂದ.

"ಬರೆಯಲ್ಲ ಮಾರಾಯ," ಎಂದಳು ಆರ್ಡಿಸ್. "ಹೆಸರು ಬರೆದ್ರೆ ಉಳಿದವರು ಬರೋದೇ ನಿಲ್ಲಿಸ್ತಾರೆ."

ಬೆಟ್ಟದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ಲೋಕ ನೆನಪಿಡುತ್ತದೆ. ಅವರ ಕೈಯಲ್ಲಿರುವುದನ್ನು ನೆಟ್ಟಗೆ ಕೂರಿಸಿದವರು ಕೆಳಗೆ, ಜಿಡ್ಡಿನ ಬೆರಳುಗಳೊಂದಿಗೆ, ಮುಂದಿನ ಬಂದೂಕಿಗೆ ಕೈ ಚಾಚಿರುತ್ತಾರೆ. ಅವರ ವಿದ್ಯೆ ಉಜ್ಜುವುದರಲ್ಲಿ ಅರ್ಧ ಇದ್ದರೆ, ನಿಲ್ಲಿಸುವುದರಲ್ಲಿ ಇನ್ನರ್ಧ. ಇಂಥವರು ಲೋಹವನ್ನಾಗಲಿ ಮನುಷ್ಯರನ್ನಾಗಲಿ ಪೂರ್ತಿ ಬೆಳ್ಳಗಾಗಿಸಲು ಹೋಗುವುದಿಲ್ಲ. ಹಿಡಿತಕ್ಕೆ ಬೇಕಾದಷ್ಟು ಕಪ್ಪನ್ನು ಉಳಿಸಿ, ಜಾಡಿಯ ಮುಚ್ಚಳ ತಿರುಗಿಸಿ, ಎಡಕ್ಕೆ ವಾಲುತ್ತ ಮನೆಗೆ ನಡೆಯುತ್ತಾರೆ. ಮತ್ತು ಊರಿಗೆ ಊರೇ ಅವರಿಂದಾಗಿ ನೆಟ್ಟಗೆ ನಿಂತಿರುತ್ತದೆ.