ನೇರಳೆಯಾಗಿ ಉಳಿಯಬೇಕಿದ್ದ ಶೀಸೆ

ಮಂಗಳವಾರ ಬೆಳಿಗ್ಗೆ ಬಿಸಿಪೆಟ್ಟಿಗೆಯ ಮುಚ್ಚಳ ತೆಗೆದಾಗ, ಒಳಗಿದ್ದ ಎರಡು ಪುಟ್ಟ ಶೀಸೆಗಳೂ ಹಳದಿಯಾಗಿದ್ದವು.

ಒಂದು ಹಳದಿಯಾಗಲೇಬೇಕು. ಅದನ್ನು ಸಲಕರಣೆಗಳ ರೋಗಾಣು ಕೊಲ್ಲುವ ಆವಿಯಂತ್ರಕ್ಕೆ ಹಾಕಿರುವುದಿಲ್ಲ. ಒಳಗಿನ ಜೀವಾಣುಗಳು, ಯಾರಿಗೂ ಕೇಡು ಮಾಡದ ಬಡಪಾಯಿಗಳು, ಬದುಕಿವೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಇನ್ನೊಂದನ್ನು ಚಿಮಟ, ಓಲೆಗಳ ಪೊಟ್ಟಣಗಳ ನಡುವೆ, ಆವಿ ಹೋಗಲು ತೀರಾ ಕಷ್ಟವಾದ ಮೂಲೆಯಲ್ಲಿಟ್ಟು ಬೇಯಿಸಿ, ಆಮೇಲೆ ಒಂದು ದಿನ ಈ ಬಿಸಿಪೆಟ್ಟಿಗೆಯಲ್ಲಿಡುತ್ತಾರೆ. ಅದರ ಜೀವಾಣುಗಳು ಸತ್ತಿದ್ದರೆ ಶೀಸೆ ನೇರಳೆಯಾಗಿಯೇ ಉಳಿಯುತ್ತದೆ. ಒಂಬತ್ತು ವರ್ಷ ವಾರವಾರವೂ ಉಳಿದಿತ್ತು.

ಕಿವಿ, ಮೂಗು ಚುಚ್ಚಿಸಿಕೊಳ್ಳಲು ಬರುವವರೆಲ್ಲ ಅಂಗಡಿಯವಳನ್ನು ಸೂಜಿಯಮ್ಮ ಎಂದೇ ಕರೆಯುತ್ತಿದ್ದರು. ಸೂಜಿಯಮ್ಮ ಶೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದಳು. ಬಣ್ಣಕ್ಕೆ ದಾಕ್ಷಿಣ್ಯವಿಲ್ಲ.

ಕಾರಣ ಹುಡುಕಬೇಕಾಗಿರಲಿಲ್ಲ. ಪೊಟ್ಟಣಗಳನ್ನು ತಟ್ಟೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಆವಿ ಓಡಾಡಲು ನಡುವೆ ಬೆರಳಗಲ ಸಂದು ಬಿಡಬೇಕು. ನಿನ್ನೆ ಬೆಳಿಗ್ಗೆ ಅಕ್ಕ ಬರುತ್ತಾಳೆಂಬ ಸಡಗರದಲ್ಲಿ, ಅಕ್ಕನ ಮಗಳು ಯಾವ ಓಲೆ ಕೇಳಿದರೂ ಇಲ್ಲ ಎನ್ನಬಾರದೆಂದು, ಅಂಗಡಿಯಲ್ಲಿದ್ದದ್ದನ್ನೆಲ್ಲ ಪೊಟ್ಟಣ ಕಟ್ಟಿ ಒಂದರ ಮೇಲೊಂದು ಒಟ್ಟಿದ್ದಳು. ಪೊಟ್ಟಣದ ಮೇಲಿನ ಗುರುತೇನೋ ಕಂದು ಬಣ್ಣಕ್ಕೆ ತಿರುಗಿತ್ತು. ಅದು ಬಿಸಿ ತಗುಲಿತೆಂದು ಹೇಳುತ್ತದೆಯೇ ಹೊರತು ಒಳಗಿನದು ಸತ್ತಿತೆಂದು ಹೇಳುವುದಿಲ್ಲ.

ಶೀಸೆಯ ಉತ್ತರ ಬರುವವರೆಗೆ ಆ ಪೊಟ್ಟಣಗಳನ್ನು ಮುಟ್ಟಬಾರದೆಂಬುದು ಅವಳದೇ ನಿಯಮ. ಆದರೆ ನಿನ್ನೆ ಹಿಂದಿನ ವಾರದ ಚಿಮಟಗಳು ಮುಗಿದಿದ್ದವು, ಹುಡುಗಿ ಕುರ್ಚಿಯ ಮೇಲೆ ಕೂತಾಗಿತ್ತು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಅಕ್ಕ ಕೂತಿದ್ದಳು. ಆರು ವರ್ಷದ ಮೇಲೆ ಬಂದವಳಿಗೆ ‘ನಾಳೆ ಬಾ’ ಎನ್ನಲು ಸೂಜಿಯಮ್ಮನಿಗೆ ಬಾಯಿ ಬರಲಿಲ್ಲ. ಚಿಮಟ, ಓಲೆ ಇದ್ದ ಒಂದೇ ಒಂದು ಪೊಟ್ಟಣ ಹರಿದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಕಿವಿ ಚುಚ್ಚುವ ಕೆಲಸ ಮುಗಿಯಿತು.

ಅಕ್ಕ ಬಾರದಿದ್ದುದಕ್ಕೆ ಕಾರಣ ಆರು ವರ್ಷದ ಹಿಂದಿನ ಜಗಳ, ಅದೂ ಕೊಳೆಯ ವಿಷಯಕ್ಕೇ. ಅಕ್ಕನ ಮನೆಯಲ್ಲಿ, ನೆಂಟರೆದುರಿಗೆ, ಮಗಳ ಮೊಣಕಾಲಿನ ಗಾಯಕ್ಕೆ ಮುಲಾಮು ಹಚ್ಚಹೋದ ಅಕ್ಕನ ಕೈಯನ್ನು ಸೂಜಿಯಮ್ಮ ಹಿಡಿದು ನಿಲ್ಲಿಸಿದ್ದಳು. ಉಗುರಿನ ಕೊಳೆಯನ್ನು ಎಲ್ಲರಿಗೂ ತೋರಿಸಿದ್ದಳು. ‘ನಿನ್ನ ಕಣ್ಣಿಗೆ ನಾವೆಲ್ಲ ರೋಗಾಣುಗಳೇ’ ಎಂದಿದ್ದಳು ಅಕ್ಕ. ಅಲ್ಲಿಗೆ ಮಾತು ನಿಂತಿತ್ತು. ಅಂದಿನಿಂದ ಸೂಜಿಯಮ್ಮ ದಿನವಿಡೀ ಜನರನ್ನು ಮುಟ್ಟುತ್ತಿದ್ದಳು, ಕೈಗವಸಿನೊಳಗಿಂದ. ಸಂಜೆ ಬೀಗ ಹಾಕಿದ ಮೇಲೆ ಅವಳ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ.

ಹುಡುಗಿಗೆ ಏನೂ ಆಗಿರಲಾರದು. ಸೂಜಿ ಕಾರ್ಖಾನೆಯಿಂದ ಮುಚ್ಚಿ ಬಂದದ್ದು, ಹೊಚ್ಚ ಹೊಸದು; ಓಲೆಯೂ ಹೊಸದೇ. ಚಿಮಟವನ್ನು ಚೆನ್ನಾಗಿ ತೊಳೆದಾಗಿತ್ತು. ಆದರೂ ಅದು ಹೋದ ವಾರ ಬೇರೆಯವರ ಕಿವಿ ಹಿಡಿದಿತ್ತು. ‘ಆಗಿರಲಾರದು’ ಎಂಬುದಕ್ಕೂ ‘ಆಗಿಲ್ಲ’ ಎಂಬುದಕ್ಕೂ ನಡುವೆ ಒಂದು ರಕ್ತಪರೀಕ್ಷೆ ಇದೆ. ಹೇಳಿದರೆ ಅಕ್ಕ ಮತ್ತೆ ದೂರವಾಗುತ್ತಾಳೆ. ಶೀಸೆಯನ್ನು ಕಸಕ್ಕೆ ಹಾಕಿದರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ.

ಅವಳು ದಾಖಲೆಯ ಪುಸ್ತಕದಲ್ಲಿ ‘ಹಳದಿ’ ಎಂದು ಬರೆದಳು. ಆಮೇಲೆ ಫೋನ್ ಮಾಡಿದಳು.

“ಏನೇ ಬೆಳಬೆಳಿಗ್ಗೆ? ಭಾನುವಾರ ಊಟಕ್ಕೆ ಬರ್ತೀಯ ತಾನೆ? ತಟ್ಟೇನ ಕುದಿಯೋ ನೀರಲ್ಲಿ ಅದ್ದಿ ಇಡ್ತೀನಿ, ಹೆದರಬೇಡ.” ಅಕ್ಕ ನಕ್ಕಳು.

“ಅಕ್ಕ, ನನ್ನಿಂದ ಒಂದು ತಪ್ಪಾಗಿದೆ.”

ತಡವರಿಸದೆ ಎಲ್ಲವನ್ನೂ ಹೇಳಿದಳು. ಆ ಕಡೆ ಪಾತ್ರೆಯ ಸದ್ದು ನಿಂತಿತು.

“ನೀನು ಹೇಳದೇ ಇದ್ದಿದ್ರೆ?”

“ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಆವತ್ತು ನನ್ನ ಕೈ ಹಿಡಿದು ಊರಿಗೆಲ್ಲ ತೋರಿಸ್ದೆ.”

“ಹೌದು.”

“ನನ್ನ ಉಗುರಲ್ಲಿ ಮಣ್ಣಿತ್ತು, ಅಷ್ಟೇ ಕಣೆ.”

“ಹುಡುಗಿಗೆ ಒಂದು ರಕ್ತಪರೀಕ್ಷೆ ಮಾಡಿಸಬೇಕು ಅಕ್ಕ.”

“ಎಲ್ಲಿಗೆ ಬರಬೇಕು?” ಎಂದಳು ಅಕ್ಕ. ಸ್ಥಳ, ಹೊತ್ತು ಕೇಳಿಕೊಂಡು ಫೋನಿಟ್ಟಳು.

ಹನ್ನೊಂದು ಗಂಟೆಗೆ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯ ಹೊರಗೆ ಅಕ್ಕ ಸೂಜಿಯಮ್ಮನಿಂದ ಒಂದು ಕುರ್ಚಿ ಬಿಟ್ಟು ಕೂತಳು. ಬಿಟ್ಟ ಕುರ್ಚಿಯ ಮೇಲೆ ಕೈಚೀಲ ಇಟ್ಟಳು. ಹುಡುಗಿ ಮಾತ್ರ ಚಿಕ್ಕಮ್ಮನ ಹತ್ತಿರ ಬಂದು ಕಿವಿ ತೋರಿಸಿದಳು. “ನೋವೇ ಇಲ್ಲ ಚಿಕ್ಕಮ್ಮ. ಅಮ್ಮ ಸುಮ್ನೆ ಮುಖ ಊದಿಸ್ಕೊಂಡಿದಾಳೆ.”

“ಬಾಯ್ಮುಚ್ಚು,” ಎಂದಳು ಅಕ್ಕ, ಗೋಡೆ ನೋಡುತ್ತ.

ಒಳಗೆ ನರ್ಸು ಹುಡುಗಿಯ ತೋಳಿಗೆ ಪಟ್ಟಿ ಬಿಗಿದಳು. ಬಾಗಿಲಲ್ಲಿ ನಿಂತಿದ್ದ ಅಕ್ಕ ಥಟ್ಟನೆ ಕೈ ಎತ್ತಿದಳು.

“ಒಂದು ನಿಮಿಷ. ಕೇಳೇ ಅವಳನ್ನ, ಆ ಸೂಜಿ ಸರಿ ಇದೆಯಾ ಅಂತ.”

“ಯಾರನ್ನ?” ಎಂದಳು ಮಗಳು.

“ನಿನ್ನ ಚಿಕ್ಕಮ್ಮನ್ನ.”

ನರ್ಸು ಹುಬ್ಬೇರಿಸಿದಳು. ಸೂಜಿಯಮ್ಮ ಮುಂದೆ ಬಂದು ನೋಡಿದಳು: ಹರಿಯದ ಪೊಟ್ಟಣ, ಮುಗಿಯದ ತಾರೀಖು, ಹೊಸ ಕೈಗವಸು.

“ಸರಿ ಇದೆ,” ಎಂದಳು.

ಅಕ್ಕ ಕೈ ಇಳಿಸಿದಳು.

ಮೂರು ತಿಂಗಳ ಮೇಲೆ ಮತ್ತೊಮ್ಮೆ ಪರೀಕ್ಷೆ ಆಗಬೇಕೆಂದು ನರ್ಸು ಚೀಟಿ ಬರೆದುಕೊಟ್ಟಳು. ಅಕ್ಕ ಅದನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಮಗಳಿಗೆ ಹೇಳಿದಳು, “ಆವತ್ತೂ ಬಂದು ಸೂಜಿ ನೋಡೋಕೆ ಹೇಳು. ಭಾನುವಾರದ ಊಟ ಬೇಡ.” ಮೆಟ್ಟಿಲಿಳಿಯುವಾಗ ಹುಡುಗಿ ಮಾತ್ರ ಹಿಂದೆ ತಿರುಗಿ ಕೈ ಬೀಸಿದಳು.

ಸೂಜಿಯಮ್ಮ ಅಂಗಡಿಗೆ ಮರಳಿ, ಬಾಗಿಲಿಗೆ ‘ಇಂದು ಕೆಲಸವಿಲ್ಲ’ ಎಂಬ ಹಲಗೆ ತೂಗುಹಾಕಿದಳು. ನಿನ್ನೆಯ ಪೊಟ್ಟಣಗಳನ್ನೆಲ್ಲ ಬಿಚ್ಚಿ, ತೊಳೆದು, ಒಣಗಿಸಿ, ಹೊಸದಾಗಿ ಕಟ್ಟಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಹಾಳೆ ಮಗುಚಿ ಒಂದು ತಾರೀಖಿನ ಸುತ್ತ ಗೆರೆ ಎಳೆದಳು. ಆಮೇಲೆ ತಟ್ಟೆಯಲ್ಲಿ ಪೊಟ್ಟಣಗಳನ್ನು ಒಂದೊಂದಾಗಿ ನಿಲ್ಲಿಸಿದಳು, ನಡುವೆ ಬೆರಳಿಟ್ಟು ಅಳೆಯುತ್ತ. ಹಿಡಿಸದೆ ಉಳಿದವನ್ನು ಎರಡನೆಯ ಸರದಿಗೆ ತೆಗೆದಿಟ್ಟಳು. ಹೊಸ ಶೀಸೆಯನ್ನು ತೀರಾ ಹಿಂದಿನ ಮೂಲೆಯಲ್ಲಿಟ್ಟು ಯಂತ್ರದ ಬಾಗಿಲು ಬಿಗಿದಳು. ನಾಳೆ ಬೆಳಗಿನವರೆಗೆ ಕಾಯುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಅಕ್ಕ ಕೂತಿದ್ದ ಸ್ಟೂಲು ಇನ್ನೂ ಬಾಗಿಲ ಬಳಿಯೇ ಇತ್ತು. ಅದನ್ನು ಒರೆಸಿದಳು, ಜಾಗ ಬದಲಿಸಲಿಲ್ಲ.